ರಾಜ ಒಮ್ಮೆ ಜಿಗಿಯಬಹುದು

ಸಿರುಗುಪ್ಪದ ಮನೆ ಈಗಲೂ ನನ್ನ ಕನಸಿಗೆ ಬರುತ್ತದೆ. ಮಧ್ಯಾಹ್ನ ಉಂಡು ಹಾಗೇ ಅಡ್ಡಾದಾಗ ಬರುವ ಕನಸು ಅದು, ಅದರೊಳಗೂ ಮಧ್ಯಾಹ್ನವೇ. ಹಿಂದಿನ ಓಣಿಯ ಅಕ್ಕಿ ಮಿಲ್ಲು ಧಡ್ ಧಡ್ ಅನ್ನುತ್ತಿರುತ್ತದೆ. ಬೆಳಕಿಂಡಿಯಿಂದ ಇಳಿದ ಬಿಸಿಲಿನಲ್ಲಿ ತೌಡಿನ ಧೂಳು ಮೇಲಕ್ಕೂ ಹೋಗದೆ ಕೆಳಕ್ಕೂ ಬೀಳದೆ ತೇಲುತ್ತಿರುತ್ತದೆ. ಪಡಸಾಲೆಯ ನಡುವೆ ಹಾಸಿದ ಕರಿಕಲ್ಲಿನ ಆಚೆ ಅಜ್ಜಿ ಒಂದು ಕಾಲು ಮಡಚಿ ಒಂದು ಕಾಲು ಚಾಚಿ ಕೂತಿರುತ್ತಾಳೆ. ಈಚೆ ಕಡೆ ಖಾಲಿ. ‘ಬಾ’ ಅನ್ನುತ್ತಾಳೆ. ನಾನು ಹೋಗಿ ಕೂರುವಷ್ಟರಲ್ಲಿ ಬಳ್ಳಾರಿ ಕಂಟೋನ್ಮೆಂಟಿನ ನಮ್ಮ ರಸ್ತೆಗೆ ಯಾವನೋ ತರಕಾರಿಯವನು ಮೈಕಿನಲ್ಲಿ ಕೂಗುತ್ತ ಬಂದು ಎಬ್ಬಿಸಿಬಿಡುತ್ತಾನೆ. ಅವನಿಗೆ ನಾನು ಬೈಯದ ದಿನವಿಲ್ಲ.

ಆ ಕಲ್ಲಿನ ಮಾತು ಮೊದಲು ಹೇಳಿಬಿಡುತ್ತೇನೆ. ಮನೆ ಕಟ್ಟುವಾಗಲೇ ನಮ್ಮ ಮುತ್ತಜ್ಜ ಒಂದು ಅಗಲ ಕಡಪ ಕಲ್ಲಿನ ಮೇಲೆ ಚದುರಂಗದ ಗೆರೆ ಕೊರೆಸಿ ಪಡಸಾಲೆಯ ನೆಲಕ್ಕೆ ಕೂಡಿಸಿದ್ದನಂತೆ. ಕಪ್ಪು ಮನೆ, ಬಿಳಿ ಮನೆ ಅಂತೇನೂ ಇಲ್ಲ, ಎಲ್ಲವೂ ಒಂದೇ ಕಪ್ಪು, ನಡುವೆ ಗೆರೆ ಅಷ್ಟೇ. ಕಾಯಿಗಳು ಕಟ್ಟಿಗೆಯವು, ಒಂದು ಕಡೆಯವು ಕೆಂಪು, ಇನ್ನೊಂದು ಕಡೆಯವು ಹಸಿರು. ಹಸಿರು ಆನೆಯೊಂದಕ್ಕೆ ಸೊಂಡಿಲಿರಲಿಲ್ಲ. ಹಲ್ಲು ಹುಟ್ಟುವಾಗ ನಾನೇ ಕಡಿದು ತೆಗೆದಿದ್ದೆನಂತೆ. ಆ ಕಲ್ಲಿನ ಮೇಲೆ ಕಾಲಿಡುವಂತಿಲ್ಲ, ಊಟದ ತಾಟು ಇಡುವಂತಿಲ್ಲ. ದಿನಾ ಬೆಳಿಗ್ಗೆ ಅವ್ವ ಒದ್ದೆ ಅರಿವೆಯಿಂದ ಒರೆಸುತ್ತಿದ್ದಳು, ಮಧ್ಯಾಹ್ನದ ಹೊತ್ತಿಗೆ ಮಿಲ್ಲಿನ ತೌಡು ಮತ್ತೆ ತೆಳ್ಳಗೆ ಕೂತಿರುತ್ತಿತ್ತು. ಆಡುವ ಮೊದಲು ಅಜ್ಜಿ ಸೆರಗಿನಿಂದ ಅದನ್ನು ಝಾಡಿಸುತ್ತಿದ್ದಳು.

ಬೇರೆ ಮನೆಗಳಲ್ಲಿ ಜಗಳ ಹೇಗೆ ಮುಗಿಯುತ್ತದೋ ನನಗೆ ಗೊತ್ತಿಲ್ಲ. ನಮ್ಮ ಮನೆಯಲ್ಲಿ ಅದಕ್ಕೊಂದು ಕಾಯ್ದೆ ಇತ್ತು. ಸಂಜೆ ದೀಪ ಹಚ್ಚುವವರೆಗೆ ಬೇಕಾದಷ್ಟು ಒದರಾಡಬಹುದು. ದೀಪ ಹಚ್ಚಿದ ಮೇಲೂ ಮುಗಿಯದಿದ್ದರೆ ಇಬ್ಬರಲ್ಲಿ ಒಬ್ಬರು ‘ಕಲ್ಲಿಗೆ ಬಾ’ ಅನ್ನಬೇಕು. ಅಂದರೆ ಬಾಯಿ ಬಂದ್. ಎದುರುಬದುರು ಕೂತು ಒಂದಾಟ ಆಡಬೇಕು. ಸೋತವರು ಗೆದ್ದವರ ಮಾತಿಗೆ ಹೂಂ ಅನ್ನಬೇಕು, ಆಮೇಲೆ ಆ ಮಾತು ಎತ್ತುವಂತಿಲ್ಲ. ಕರೆದಾಗ ಬಾರದವರು ಸೋತ ಹಾಗೇ ಲೆಕ್ಕ. ಅಂಗಳದ ಬೇವಿನ ಟೊಂಗೆ ಕಡಿಸಬೇಕೋ ಬ್ಯಾಡವೋ ಅಂತ ಅಪ್ಪನಿಗೂ ಅಜ್ಜಿಗೂ ಜಗಳ ಹತ್ತಿ, ಅಪ್ಪ ಕಲ್ಲಿನಲ್ಲಿ ಸೋತ. ಆ ಟೊಂಗೆ ಹಾಗೇ ಉಳಿಯಿತು. ಬೇಸಿಗೆಯಲ್ಲಿ ಹೊರಗೆ ಹಾಸಿಕೊಂಡ ಅಪ್ಪನ ಹಾಸಿಗೆಯ ತುಂಬ ಎಲೆ ಉದುರುತ್ತಿತ್ತು, ಅವನು ಎದ್ದು ಝಾಡಿಸಿಕೊಂಡು ಒಂದು ಮಾತೂ ಆಡದೆ ಮಿಲ್ಲಿಗೆ ಹೋಗುತ್ತಿದ್ದ. ಮಿಲ್ಲಿನ ಕಣದಲ್ಲಿ ಭತ್ತ ಒಣಗಿಸುವ ಆಳುಗಳ ಮೇಲೆ ಗುಡುಗುವ ಮನುಷ್ಯ ಮನೆಯಲ್ಲಿ ಹೀಗೆ.

ನನಗೆ ಆಟ ಕಲಿಸಿದವಳೂ ಅಜ್ಜಿಯೇ. ಸಾಲಿಯಿಂದ ಬಂದು ರೊಟ್ಟಿ, ಗುರೆಳ್ಳು ಪುಡಿ ತಿಂದು ಕೈ ತೊಳೆಯುವುದೇ ತಡ, ‘ಬಾ’ ಅನ್ನುತ್ತಿದ್ದಳು. ಅವಳ ಆಟದಲ್ಲಿ ಸಿಪಾಯಿ ಯಾವಾಗಲೂ ಒಂದೇ ಮನೆ ನಡೆಯುತ್ತಿದ್ದ. ಎಲ್ಲಕ್ಕಿಂತ ಚೆಂದದ್ದು ರಾಜನ ಜಿಗಿತ. ರಾಜನಿಗೆ ಮೊದಲನೇ ಸಲ ಯಾರಾದರೂ ‘ಶಹಾ’ ಕೊಟ್ಟರೆ, ಅಂದರೆ ಅವನ ಮೇಲೆ ನೇರ ಏರಿ ಬಂದರೆ, ಅವನು ಕುದುರೆಯ ಹಾಗೆ ಒಂದು ಸಲ ಜಿಗಿದು ತಪ್ಪಿಸಿಕೊಳ್ಳಬಹುದಿತ್ತು. ಒಂದೇ ಸಲ. ಯಾಕೆ ಒಂದೇ ಸಲ ಅಂತ ನಾನು ಕೇಳಿದ್ದಕ್ಕೆ ಅಜ್ಜಿ ತನ್ನ ಚಾಚಿದ ಕಾಲು ನೀವಿಕೊಳ್ಳುತ್ತ ಹೇಳಿದ್ದಳು:

“ರಾಜ ಅಂದ್ರ ಮನಿ ಯಜಮಾನ ಇದ್ದಂಗ. ಬಾಗ್ಲಿಗೆ ಬೆಂಕಿ ಬಿದ್ರ ಒಂದ್ಸಲ ಜಿಗದು ಪಾರಾಗ್ತಾನ. ಎರಡನೇ ಸಲಕ್ಕ ಮೊಣಕಾಲು ಇರಬೇಕಲ್ಲ?”

ಆ ಕಲ್ಲಿಗೆ ಆಡಲು ಕೂಡದವಳು ಮನೆಯಲ್ಲಿ ಒಬ್ಬಳೇ, ನಮ್ಮವ್ವ. ಅವ್ವನ ತವರು ಕುರುಗೋಡು. ಮದುವೆಯಾಗಿ ಬಂದ ಮೊದಲ ಶ್ರಾವಣದಲ್ಲಿ, ಪಂಚಮಿಗೆ ತವರಿಗೆ ಹೋಗುತ್ತೇನೆ ಅಂದಳಂತೆ. ನಾಗರಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಹೋಗದಿದ್ದರೆ ಮತ್ಯಾವಾಗ ಹೋಗಬೇಕು? ಆದರೆ ಅಜ್ಜಿಗೆ ಆ ವಾರ ಮನೆಯಲ್ಲಿ ಏನೋ ಕೆಲಸವಿತ್ತು. ಹೊಸ ಸೊಸೆ ಹಟ ಬಿಡಲಿಲ್ಲ, ಅತ್ತೆ ‘ಕಲ್ಲಿಗೆ ಬಾ’ ಅಂದಳು. ಅವ್ವನಿಗೆ ಕುದುರೆ ಯಾವುದು ಒಂಟೆ ಯಾವುದು ಗೊತ್ತಿಲ್ಲ. ಅಜ್ಜಿ ಅಲ್ಲೇ ಕೂಡಿಸಿಕೊಂಡು ಎಲ್ಲ ಕಾಯಿಯ ನಡೆ ಕಲಿಸಿದಳಂತೆ, ಕಲಿಸಿ ಮುಗಿದ ಕೂಡಲೇ ಸೋಲಿಸಿದಳಂತೆ. ಅವ್ವ ಎದ್ದು ಅಡುಗೆಮನೆಗೆ ಹೋದವಳು ಮತ್ತೆ ಆ ಕಲ್ಲಿಗೆ ಕೂಡಲಿಲ್ಲ. ಕರೆದರೆ, “ನಂದು ಸೋತಂಗೇ ಲೆಕ್ಕ ಹಿಡೀರಿ” ಅನ್ನುತ್ತಿದ್ದಳು. ಹಾಗಾಗಿ ನಾನು ಕಣ್ಣು ಬಿಟ್ಟಾಗಿನಿಂದ ಅವ್ವ ಎಲ್ಲ ಜಗಳವನ್ನೂ ಕೂಡದೆಯೇ ಸೋತವಳು. ಪ್ರತಿ ಪಂಚಮಿಗೂ ಅಡುಗೆಮನೆಯಲ್ಲಿ ಉಂಡಿ ಕಟ್ಟುತ್ತ, ಅಂಗಳದ ಜೋಕಾಲಿಯಲ್ಲಿ ನನ್ನನ್ನು ತೂಗುತ್ತ ಸುಮ್ಮನೆ ಇರುತ್ತಿದ್ದಳು. ನನಗೆ ಆಗ ಅದು ಅರ್ಥವಾಗುತ್ತಿರಲಿಲ್ಲ.

ನಾನು ಏಳನೆಯ ಇಯತ್ತೆ ಮುಗಿಸಿದ ಬೇಸಿಗೆಯಲ್ಲಿ ಅವ್ವನ ತಮ್ಮ ಈರಣ್ಣ ಮಾವ ಬಳ್ಳಾರಿಯಿಂದ ಬಂದ. ಕಂಟೋನ್ಮೆಂಟಿನಲ್ಲಿ ಅವನ ಮನೆ. ಹಿಂದೊಮ್ಮೆ ಅವನ ಮನೆಗೆ ಹೋದಾಗ, ಆ ಅಗಲ ರಸ್ತೆಯ ಹುಣಸೆಮರದ ನೆರಳಿನಲ್ಲಿ ಯೂನಿಫಾರಂ ಹಾಕಿದ ಹುಡುಗಿಯರು ಸೈಕಲ್ ಮೇಲೆ ಸಾಲಾಗಿ ಹೋಗುವುದನ್ನು ನೋಡಿದ್ದೆ. ಅದು ನನ್ನ ಕಣ್ಣಿನಿಂದ ಹೋಗಿರಲೇ ಇಲ್ಲ. ನಾನೂ ಅವರಲ್ಲಿ ಒಬ್ಬಳಾಗಬೇಕು, ಅಷ್ಟೇ, ಬೇರೆ ಏನೂ ಬ್ಯಾಡ ಅನ್ನಿಸುತ್ತಿತ್ತು. ಮಾವ, “ನೀಲಾನ್ನ ನಮ್ಮನ್ಯಾಗ ಇಟ್ಕೊಂಡು ಓದಸ್ತೀನಿ” ಅಂದ. ಅವ್ವ ಬಾಗಿಲಲ್ಲೇ ನಿಂತು, “ಓದಲಿ. ನನ್ನಂಗ ಆಗೋದು ಬ್ಯಾಡ” ಅಂದಳು. ಅವ್ವ ತನಗೆ ಬೇಕಾದದ್ದನ್ನು ಬಾಯಿ ಬಿಟ್ಟು ಹೇಳಿದ್ದು ನಾನು ಕೇಳಿದ್ದು ಅದೇ ಮೊದಲು. ಅಜ್ಜಿಗೆ ಸಿಟ್ಟು ಬಂತು.

“ಯಾಕ, ಸಿರುಗುಪ್ಪದಾಗ ಸಾಲಿ ಇಲ್ಲೇನು? ಹೆಣ್ಣು ಹುಡುಗೀನ ಊರೂರು ಕಳಸಾಕ ನಮಗೇನು ಹುಚ್ಚು ಹಿಡದೈತಾ?”

ಮಾತಿಗೆ ಮಾತು ಬೆಳೆದು ದೀಪ ಹಚ್ಚುವ ಹೊತ್ತಾಯಿತು. ಅವ್ವನ ಪರವಾಗಿ ಅಪ್ಪ ಅಜ್ಜಿಯ ಎದುರು ಕಲ್ಲಿಗೆ ಕೂತ. ಪಾಪ, ಮನಸ್ಸಿಟ್ಟು ಆಡಿದ. ಆದರೂ ಸೋತ. ನಾನು ಹಿತ್ತಲಿಗೆ ಓಡಿಹೋಗಿ ಬಿಕ್ಕಿ ಬಿಕ್ಕಿ ಅತ್ತೆ. ಅದನ್ನು ನೋಡಿ ಅಜ್ಜಿಗೂ ಏನನ್ನಿಸಿತೋ, ಮರುದಿನ ಚಹಾ ಕುಡಿಯುತ್ತ ಮಾವನಿಗೆ ಹೇಳಿದಳು:

“ನಿಮ್ಮ ಬಳ್ಳಾರ್ಯಾಗ ಹುಡುಗರ ಚದುರಂಗ ಪಂದ್ಯ ಐತಿ ಅಂದೆಲ್ಲ. ಅಲ್ಲಿ ಒಂದಾಟ ಗೆದ್ದು ಬರ್ಲಿ, ಕಳಸ್ತೀನಿ. ಸೋತು ಬಂದ್ಲೋ, ಇಲ್ಲೇ ಸಾಲಿ, ಇಲ್ಲೇ ಮನಿ. ಮತ್ತ ಈ ಮಾತು ಎತ್ತಂಗಿಲ್ಲ.”

ಒಂದೇ ಒಂದಾಟ! ನನಗೆ ಆಗಲೇ ಸೈಕಲ್ಲಿನ ಗಂಟೆ ಕೇಳಿಸಿದ ಹಾಗಾಯಿತು. ಪೇಟೆಯ ಕಾಯ್ದೆಯ ಆಟ ನಮ್ಮ ಕಲ್ಲಿನ ಮೇಲೆ ಆಡಲು ಅಜ್ಜಿ ಬಿಡಲಿಲ್ಲ. ಮಾವ ಹಿತ್ತಲ ಬಂಡೆಯ ಮೇಲೆ ಇದ್ದಿಲಿನಿಂದ ಗೆರೆ ಎಳೆದು, ರವಿವಾರಕ್ಕೊಮ್ಮೆ ಬಂದು ಕಲಿಸಿದ. ಅಲ್ಲಿ ಸಿಪಾಯಿ ಮೊದಲ ಹೆಜ್ಜೆಗೆ ಎರಡು ಮನೆ ದಾಟಬಹುದು. ಮಂತ್ರಿ ಅನ್ನಬಾರದು, ರಾಣಿ ಅನ್ನಬೇಕು. ಆಮೇಲೆ ಆಟ ಸುರು ಮಾಡುವ ಕಿಂಗ್ಸ್ ಗ್ಯಾಂಬಿಟ್ ಅನ್ನುವ ಒಂದು ಬಗೆ ಕಲಿಸಿದ. ರಾಜನ ಮುಂದಿನ ಸಿಪಾಯಿಯನ್ನು ಎರಡು ಮನೆ ತಳ್ಳು, ಎದುರಿನವರೂ ತಳ್ಳುತ್ತಾರೆ. ಕೂಡಲೇ ರಾಜನ ಮಗ್ಗುಲಿನ ಸಿಪಾಯಿಯನ್ನು ಅವರ ಬಾಯಿಗೆ ಇಡು. ಅವರು ಅದನ್ನು ತಿನ್ನುವುದರಲ್ಲಿ ಇರಲಿ, ನಿನ್ನ ಒಂಟೆ, ಕುದುರೆ, ಆನೆಗೆ ದಾರಿ ತೆರೆಯುತ್ತದೆ. ತಟ್ಟನೆ ಮೇಲೆ ಬಿದ್ದುಬಿಡು. ಗೆದ್ದರೆ ಬೇಗ ಗೆಲ್ಲುತ್ತಿ, ಸೋತರೂ ಬೇಗ ಸೋಲುತ್ತಿ. ಬಾವಿ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದ ಅಜ್ಜಿ ಗಲ್ಲಕ್ಕೆ ಕೈ ಹಚ್ಚಿಕೊಂಡಳು.

“ರಾಜನ ಮಗ್ಗಲದ ಸಿಪಾಯೀನ ದಾನ ಮಾಡೋದಾ? ತಲಬಾಗ್ಲ ತಗದಿಟ್ಟು ಮಲಗಿದಂಗಾತು. ಏನು ಈರಣ್ಣ, ಬಳ್ಳಾರಿ ಮಂದಿ ಹಿಂಗೇ ಮನಿ ನಡಸ್ತಾರೇನು?”

ಅವ್ವ ಅಲ್ಲೇ ಪಾತ್ರೆ ತಿಕ್ಕುತ್ತಿದ್ದಳು. ತಲೆ ಎತ್ತಲಿಲ್ಲ. “ಬಾಗ್ಲ ತಗದ್ರ ಒಳಗಿನವ್ರೂ ಹೊರಗ ಹೋಗಬಹುದಲ್ರಿ ಅತ್ತಿ” ಅಂದಳು. ಅಜ್ಜಿ ಕೇಳಿಸದವಳಂತೆ ಎದ್ದು ಒಳಗೆ ಹೋದಳು.

ಪಂದ್ಯ ನಡೆದದ್ದು ಕಂಟೋನ್ಮೆಂಟಿನ ಒಂದು ಹಳೇ ಹಾಲಿನಲ್ಲಿ. ಎತ್ತರದ ಮಾಡು, ತಣ್ಣಗಿನ ನೆಲ, ಸಾಲಾಗಿ ಟೇಬಲ್ಲು. ಅಷ್ಟು ಮಂದಿ ಕೂತಿದ್ದರೂ ಗಡಿಯಾರದ ಟಿಕ್ ಟಿಕ್ ಬಿಟ್ಟು ಬೇರೆ ಸದ್ದಿಲ್ಲ. ಸೋತವರು ಅಲ್ಲಿಗೇ ಮನೆಗೆ, ಗೆದ್ದವರಿಗೆ ಮುಂದಿನ ಆಟ. ನನ್ನ ಎದುರಿಗೆ ಬಿಳೀ ಸಾಕ್ಸ್ ಹಾಕಿದ, ಎರಡು ಜಡೆಯ ಹುಡುಗಿಯೊಬ್ಬಳು ಬಂದು ಕೂತಳು. ನೋಡಿದ ಕೂಡಲೇ ಇವಳದೊಂದು ಸೈಕಲ್ ಇದ್ದೇ ಇರುತ್ತದೆ ಅಂದುಕೊಂಡೆ. ಬೋರ್ಡು ನೋಡಿದರೆ ಕಪ್ಪು ಬಿಳಿ, ಕಪ್ಪು ಬಿಳಿ. ಅಂಥದ್ದರ ಮೇಲೆ ನಾನು ಎಂದೂ ಆಡಿರಲಿಲ್ಲ. ಕಿಟಕಿಯ ಬಿಸಿಲು ಬಿದ್ದು ಮನೆಗಳೆಲ್ಲ ನೀರಿನೊಳಗೆ ಅಲ್ಲಾಡಿದ ಹಾಗೆ ಕಂಡವು. ಕಣ್ಣು ಮುಚ್ಚಿ ನಮ್ಮ ಕರಿಕಲ್ಲು ನೆನೆಸಿಕೊಂಡೆ, ಸ್ವಲ್ಪ ಸಮಾಧಾನವಾಯಿತು.

ನನಗೆ ಬಿಳಿ ಕಾಯಿ. ರಾಜನ ಮುಂದಿನ ಸಿಪಾಯಿ ತಳ್ಳಿದೆ, ಅವಳೂ ತಳ್ಳಿದಳು. ಮಗ್ಗುಲಿನ ಸಿಪಾಯಿ ಬಾಯಿಗಿಟ್ಟೆ, ಅವಳು ನನ್ನ ಮುಖ ಒಂದು ಸಲ ನೋಡಿ ತಿಂದಳು. ನಾನು ಒಂಟೆಯನ್ನು ಉದ್ದಕ್ಕೆ ಬಿಟ್ಟೆ. ಅವಳು ರಾಣಿಯನ್ನು ಓರೆಯಾಗಿ ಸರ್ರನೆ ತಂದು ಅಂಚಿನಲ್ಲಿ ನಿಲ್ಲಿಸಿ, “ಚೆಕ್” ಅಂದಳು. ನಾನು ದಾನ ಕೊಟ್ಟ ಸಿಪಾಯಿಯ ಖಾಲಿ ಜಾಗದಿಂದ ಅವಳ ರಾಣಿ ನನ್ನ ರಾಜನನ್ನು ನೆಟ್ಟಗೆ ನೋಡುತ್ತಿತ್ತು. ಮರುಕ್ಷಣಕ್ಕೆ ನನಗೆ ಮಿಲ್ಲಿನ ಧಡ್ ಧಡ್ ಕೇಳಿಸಿತು, ತೌಡಿನ ವಾಸನೆ ಬಂತು, ಅಜ್ಜಿ ಕಾಲು ನೀವಿಕೊಳ್ಳುತ್ತ ಕೂತಂತಾಯಿತು. ಮೊದಲನೇ ಶಹಾ! ಬಾಗಿಲಿಗೆ ಬೆಂಕಿ ಬಿತ್ತು. ನಾನು ನಗುತ್ತ ರಾಜನನ್ನು ಎತ್ತಿ ಕುದುರೆಯ ಹಾಗೆ ಜಿಗಿಸಿ ಇಟ್ಟೆ.

ಎದುರಿನ ಹುಡುಗಿ ಬಾಯಿ ತೆರೆದು ಕೂತುಬಿಟ್ಟಳು. ಆಮೇಲೆ ಮೆತ್ತಗೆ, “ಏ, ಅದು ಕುದುರೆ ಅಲ್ಲ, ರಾಜ” ಅಂದಳು. ಅಕ್ಕಪಕ್ಕದ ಟೇಬಲ್ಲಿನವರು ಕಿಸಕ್ಕನೆ ನಕ್ಕರು. ಬಿಳೀ ಗಡ್ಡದ ಸಾಹೇಬರೊಬ್ಬರು ಅಲ್ಲಿ ಪಂದ್ಯ ನೋಡಿಕೊಳ್ಳುವ ಹಿರಿಯರು. ಅವರು ಬಂದು ಬಗ್ಗಿ ನೋಡಿದರು. ನಾನು ಅಜ್ಜಿಯ ಕಾಯ್ದೆ ಹೇಳಿದೆ. ಅವರು ನಗಲಿಲ್ಲ.

“ನಮ್ಮ ಮನ್ಯಾಗೂ ಹಿಂಗೇ ಆಡ್ತಿದ್ರು ಬೇಟಾ. ನಮ್ಮ ನಾನಿ, ಅಂದ್ರ ಅಜ್ಜಿ, ಆಕಿ ರಾಜ ಜಿಗದ್ರ ನಾವೆಲ್ಲಾ ಚಪ್ಪಾಳಿ ಹೊಡೀತಿದ್ವಿ. ಆದ್ರ ಇಲ್ಲಿ ಆ ಕಾಯ್ದೆ ಇಲ್ಲ. ತಿರಗಿ ಇಡಮ್ಮ. ಮುಟ್ಟಿದ್ದು ರಾಜನ್ನ, ಹಂಗಾಗಿ ರಾಜನ್ನೇ ನಡಸಬೇಕು.”

ಮಾವನಿಗೆ ನಮ್ಮ ಮನೆಯ ಜಿಗಿತದ ಕಾಯ್ದೆ ಗೊತ್ತೇ ಇರಲಿಲ್ಲ. ಗೊತ್ತಿಲ್ಲದ್ದನ್ನು ‘ಬಿಡು’ ಅಂತ ಅವನಾದರೂ ಹೇಗೆ ಹೇಳಬೇಕು? ನಾನು ರಾಜನನ್ನು ಮಗ್ಗುಲಿಗೆ ಒಂದು ಮನೆ ಸರಿಸಿದೆ. ಅಂಥಾ ಕೆಟ್ಟ ನಡೆಯೇನಲ್ಲ ಅದು, ಪಳಗಿದವರೂ ಅಲ್ಲಿ ಹಾಗೇ ಸರಿಸುತ್ತಾರೆ ಅಂತ ಮಾವ ಬಹಳ ವರ್ಷದ ಮೇಲೆ ಹೇಳಿದ. ಅವತ್ತು ಅದು ಯಾರಿಗೆ ಗೊತ್ತು? ಕಿವಿಯಲ್ಲಿ ಆ ಕಿಸಕ್ ನಗೆಯೇ ತುಂಬಿತ್ತು. ಕುದುರೆ ಬಿಟ್ಟು ಅವಳ ರಾಣಿಯನ್ನು ಒಂದಿಷ್ಟು ಅಟ್ಟಾಡಿಸಿದೆ, ಆದರೆ ರಾಜ ಅಡ್ಡ ಕೂತದ್ದಕ್ಕೆ ನನ್ನ ಒಂದು ಆನೆ ಮೂಲೆಯಲ್ಲಿ ಸಿಕ್ಕಿಕೊಂಡು ಕಡೆಯವರೆಗೂ ಹೊರಗೆ ಬರಲಿಲ್ಲ. ಸೋತೆ. ಎರಡು ಜಡೆಯ ಹುಡುಗಿ ಕೈ ಕುಲುಕಿ ಎದ್ದುಹೋದಳು. ಮಾವ ಮಂಡಕ್ಕಿ ಒಗ್ಗರಣೆ, ಮಿರ್ಚಿ ಕೊಡಿಸಿದ, ಪೊಟ್ಟಣ ಬಿಚ್ಚದೆ ಮಡಿಲಲ್ಲೇ ಇಟ್ಟುಕೊಂಡೆ. ಸಿರುಗುಪ್ಪದ ಬಸ್ಸಿನ ಕಿಟಕಿಯಲ್ಲಿ ಕಾಲುವೆ ನೀರು, ಭತ್ತದ ಗದ್ದೆ, ಕೊಕ್ಕರೆ ಎಲ್ಲ ಹಿಂದೆ ಹಿಂದೆ ಹೋಗುತ್ತಿದ್ದವು. ಬಸ್ಸು ಊರು ಮುಟ್ಟದೆ ಹೀಗೇ ಹೋಗುತ್ತಿರಲಿ ಅಂತ ಬೇಡಿಕೊಂಡೆ.

ಮನೆಗೆ ಬಂದಾಗ ಇಳಿ ಬಿಸಿಲು. ಅಜ್ಜಿ ಕಲ್ಲಿನ ಹತ್ತಿರವೇ ಕಾಯುತ್ತ ಕೂತಿದ್ದಳು. ನನ್ನ ಮುಖ ನೋಡಿ ಗೊತ್ತಾಯಿತು. ಆದರೂ, “ಹೆಂಗ ಸೋತಿ, ಇಟ್ಟು ತೋರ್ಸು” ಅಂದಳು. ನಾನು ಕೆಂಪು ಕಾಯಿಗಳನ್ನು ನನ್ನವೆಂದೂ ಹಸಿರನ್ನು ಆ ಹುಡುಗಿಯವೆಂದೂ ಜೋಡಿಸಿ ಒಂದೊಂದೇ ನಡೆ ತೋರಿಸಿದೆ. ರಾಜ ಜಿಗಿದದ್ದನ್ನೂ, ಅದನ್ನು ಹಿಂದಕ್ಕೆ ಇಡಿಸಿದ್ದನ್ನೂ ಹೇಳುವಾಗ ಅಳು ಬಂದು ಆಟವನ್ನು ಅಲ್ಲಿಗೇ ನಿಲ್ಲಿಸಿದೆ. ಅಜ್ಜಿ ಬೆಪ್ಪಾದಳು.

“ಜಿಗಿಯಾಕ ಬಿಡಲಿಲ್ಲಾ? ಯಾಕ ಬಿಡಲಿಲ್ಲ? ಅದ್ಯಾವ ಸೀಮಿ ಆಟಲೇ ಅದು?”

ಆಮೇಲೆ ಸಾವರಿಸಿಕೊಂಡು, “ಹೋಗ್ಲಿ ಬಿಡು. ಸೋಲು ಸೋಲೇ. ಇಲ್ಲೇ ಸಾಲಿ, ಇಲ್ಲೇ ಮನಿ” ಅಂದಳು. ಆ ಹೊತ್ತಿಗೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ಬಂದು, ನನ್ನನ್ನು ಭುಜ ಹಿಡಿದು ಪಕ್ಕಕ್ಕೆ ಸರಿಸಿ, ಕಲ್ಲಿನ ಈಚೆ ಕಡೆ ಕೂತಳು. ಕೆಂಪು ರಾಜನನ್ನು ಎತ್ತಿ ನಾನು ಜಿಗಿಸಿದ್ದ ಮನೆಯಲ್ಲಿ ಇಟ್ಟಳು.

“ಈ ಮನಿ ಕಾಯ್ದೆ ಪ್ರಕಾರ ನನ್ನ ಮಗಳು ತಪ್ಪು ಮಾಡಿಲ್ಲ. ನೀವು ಕಲ್ಸಿದ್ದನ್ನೇ ಮಾಡಿದ್ಲು. ಆಟ ಇಲ್ಲಿಗೆ ನಿಂತೈತಿ, ಇಲ್ಲಿಂದ ಆಡೂಣ. ಕಲ್ಲಿಗೆ ಬರ್ರಿ ಅತ್ತಿ.”

ಅಪ್ಪ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದವನು ಹಾಗೇ ನಿಂತ. ಅಜ್ಜಿ ಸೊಸೆಯ ಮುಖ ನೋಡಿದಳು. ಕರೆದಾಗ ಬಾರದಿದ್ದರೆ ಸೋತ ಲೆಕ್ಕ, ಆ ಕಾಯ್ದೆ ಹೇಳಿಕೊಟ್ಟವಳೂ ಅವಳೇ. ಚಾಚಿದ ಕಾಲು ಮಡಚಿಕೊಂಡು ಹಸಿರು ಕಾಯಿಗಳ ಹಿಂದೆ ಕೂತಳು.

ಅವ್ವ ಇಷ್ಟು ವರ್ಷ ಕಲ್ಲು ಒರೆಸುತ್ತ, ರೊಟ್ಟಿ ಬಡಿಯುತ್ತ, ಬಾಗಿಲಲ್ಲಿ ನಿಂತು ನೋಡಿದ್ದೆಲ್ಲ ಎಲ್ಲಿ ಹೋಗಿತ್ತು? ಎಲ್ಲ ಅವಳ ಬೆರಳ ತುದಿಗೆ ಬಂದಿತ್ತು. ಸಿಪಾಯಿ ತಳ್ಳಿ ಅಜ್ಜಿಯ ಮಂತ್ರಿಯನ್ನು ಅಂಚಿನಿಂದ ಎಬ್ಬಿಸಿದಳು, ತೆರೆದ ದಾರಿಯಿಂದ ಆನೆ ಬಿಟ್ಟಳು. ಇನ್ನೊಂದು ಸಿಪಾಯಿಯನ್ನೂ ದಾನ ಕೊಟ್ಟಳು. ಅಜ್ಜಿ, “ಏನು ಧರ್ಮಕರ್ಣಿನೋ” ಅಂತ ಚುಚ್ಚುತ್ತ ತಿಂದಳು, ಆಮೇಲೆ ಚುಚ್ಚುವುದು ಬಿಟ್ಟಳು. ಬೆಳಕಿಂಡಿಯ ಬಿಸಿಲು ಕಲ್ಲಿನ ಮೇಲಿಂದ ಸರಿದು ಗೋಡೆ ಹತ್ತಿತು. ನನಗೆ ಆ ಹೊತ್ತು ಮುಗಿಯುವುದೇ ಬ್ಯಾಡ ಅನ್ನಿಸುತ್ತಿತ್ತು, ಮುಗಿದರೆ ಸಾಕು ಅಂತಲೂ ಅನ್ನಿಸುತ್ತಿತ್ತು. ಕಡೆಗೆ ಅವ್ವ ಮಂತ್ರಿಯನ್ನು ಅಜ್ಜಿಯ ರಾಜನ ಮುಂದೆ ಇಟ್ಟು, ಹಿಂದಿನಿಂದ ಒಂಟೆಯ ಬಲ ಕೊಟ್ಟು, “ಶಹಾ” ಅಂದಳು. ಸುತ್ತಲ ಮನೆಗಳ ದಾರಿಯೆಲ್ಲ ಬಂದ್. ಆದರೆ ಅಜ್ಜಿಯ ರಾಜನಿಗೆ ಅದು ಮೊದಲನೇ ಶಹಾ. ಜಿಗಿಯಬಹುದಿತ್ತು. ಜಿಗಿಯಲು ಒಂದು ಮನೆ ಖಾಲಿಯೂ ಇತ್ತು. ನಾನು ನೋಡಿದೆ, ಅಪ್ಪನೂ ನೋಡಿದ. ಅಜ್ಜಿ ರಾಜನನ್ನು ಎರಡು ಬೆರಳಲ್ಲಿ ಹಿಡಿದು ಮೇಲಕ್ಕೆತ್ತಿದಳು. ಹಾಗೇ ಹಿಡಿದುಕೊಂಡು ನನ್ನ ಕಡೆ ತಿರುಗಿದಳು.

“ಮಧ್ಯಾಹ್ನ ಮಧ್ಯಾಹ್ನ ನಾ ಯಾರ ಕೂಡ ಆಡ್ಲಿಲೇ ಯವ್ವಾ, ನೀ ಹ್ವಾದ್ರ?”

ಅಯ್ಯೋ, ಇಷ್ಟೇ ಇತ್ತು ಅವಳ ಹೊಟ್ಟೆಯಲ್ಲಿ! ಅವ್ವನೇ, “ನಾ ಅದೀನಲ್ರಿ” ಅಂದಳು. ಅಜ್ಜಿ ರಾಜನನ್ನು ಇದ್ದ ಮನೆಯಲ್ಲೇ ಅಡ್ಡ ಮಲಗಿಸಿದಳು.

“ನನ್ನ ರಾಜಗ ಮೊಣಕಾಲು ನೋವು. ಎಲ್ಲಿ ಜಿಗೀತಾನ ಅಂವ. ಹುಡುಗಿ ಅರಿವಿ ಗಂಟು ಕಟ್ಟು, ಹೋಗು.”

ಹೀಗೆ ನಾನು ಬಳ್ಳಾರಿಗೆ ಬಂದೆ. ಸೈಕಲ್ಲೂ ಬಂತು, ಯೂನಿಫಾರಮ್ಮೂ ಬಂತು. ಆದರೆ ಅಜ್ಜಿ ಬೇಕೆಂತಲೇ ಬಿಟ್ಟುಕೊಟ್ಟದ್ದು ನನ್ನ ಮನಸ್ಸಿನಲ್ಲಿ ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಅವ್ವ ಪಾಪ, ಗೆದ್ದೂ ಗೆಲ್ಲಲಿಲ್ಲವಲ್ಲ ಅನ್ನಿಸುತ್ತಿತ್ತು. ಶ್ರಾವಣ ಬಂತು, ಪಂಚಮಿಗೆ ಸಾಲಿ ರಜೆ ಸಿಕ್ಕಿತು. ಬಸ್ಸಿಳಿದು ಓಡುತ್ತ ಮನೆಗೆ ಬಂದೆ. ಅದೇ ಮಿಲ್ಲಿನ ಸದ್ದು, ಅದೇ ತೇಲುವ ತೌಡು. ಅಂಗಳದ ಬೇವಿನ ಟೊಂಗೆಗೆ ಜೋಕಾಲಿ ಕಟ್ಟಿತ್ತು, ಅದರ ಮೇಲೆ ಯಾರೂ ಇರಲಿಲ್ಲ. ಅಡುಗೆಮನೆ ತಣ್ಣಗಿತ್ತು. ಅಜ್ಜಿ ಒಬ್ಬಳೇ ಕಲ್ಲಿನ ಮುಂದೆ, ಮುಗಿದ ಆಟವೊಂದನ್ನು ತೆಗೆಯದೆ ಹಾಗೇ ನೋಡುತ್ತ ಕೂತಿದ್ದಳು.

“ಅವ್ವ ಎಲ್ಲಿ ಅಜ್ಜಿ?”

“ಕುರುಗೋಡಿಗೆ ಹೋದ್ಲು, ಪಂಚಮಿಗೆ. ನಾನೇ ಉಂಡಿ ಕಟ್ಟಿಕೊಟ್ಟು ಬಸ್ಸು ಹತ್ತಿಸಿ ಬಂದೆ.”

“ಹೆಂಗ ಬಿಟ್ಟಿ ನೀನು?”

“ಬಿಡೋದೇನು ಬಂತು? ಕಲ್ಲಿಗೆ ಕರದ್ಲು. ಸೋತೆ.”

ನನಗೆ ನಗು ಬಂತು. “ನಿನ್ನ ರಾಜಗ ಮತ್ತ ಮೊಣಕಾಲು ನೋವು ಬಂದಿತ್ತೇನು?”

ಅಜ್ಜಿ ಕಲ್ಲಿನ ಮೇಲಿನಿಂದ ಕಣ್ಣು ತೆಗೆಯಲಿಲ್ಲ. ಮೂಲೆಯಲ್ಲಿ ಸಿಕ್ಕಿಬಿದ್ದಿದ್ದ ಹಸಿರು ರಾಜನ ತಲೆಯನ್ನು ಬೆರಳಿನಿಂದ ಸವರಿದಳು.

“ಇಲ್ಲಲೇ. ಈ ಸಲ ಜಿಗದ. ಜಿಗದ್ರೂ ಹಿಡದ್ಲು ನಿಮ್ಮವ್ವ.”